ಗಡುವು ಮತ್ತು ದಾರಿ: ಕರಾವಳಿಯ ಮಳೆಗಾಲದ ಸಿದ್ಧತೆಯ ಜಾನಪದ ಚರಿತ್ರೆ

ಕರ್ನಾಟಕ ಕರಾವಳಿಯ ಚರಿತ್ರೆಯನ್ನು ಬರೆದವರು ಬಂದರು, ಅರಸು ಮನೆತನ, ಕಾಳುಮೆಣಸಿನ ವ್ಯಾಪಾರಗಳಿಗೆ ಕೊಟ್ಟ ಗಮನವನ್ನು ಮಳೆಗೆ ಕೊಟ್ಟಿಲ್ಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 3000 ಮಿಲಿಮೀಟರಿಗೂ ಅಧಿಕ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ನದಿಗಳು ಗಿಡ್ಡ. ನೇತ್ರಾವತಿ ಘಟ್ಟದಿಂದ ಕಡಲಿಗೆ ಹರಿಯುವ ದೂರ ಸುಮಾರು 100 ಕಿಲೋಮೀಟರು. ಮೇಲೆ ಬಿದ್ದ ಮಳೆ ಕೆಲವೇ ಗಂಟೆಗಳಲ್ಲಿ ಕೆಳಗೆ ನೆರೆಯಾಗುತ್ತದೆ. ಅದೇ ಹೊತ್ತಿಗೆ ಕಡಲಿನಲ್ಲಿ ಭರತವಿದ್ದರೆ ನೀರು ಅಳಿವೆಯನ್ನು ದಾಟಲಾರದೆ ಹಿಂದಕ್ಕೊತ್ತಿ ದಂಡೆಗಳನ್ನು ಏರುತ್ತದೆ. ಇಂತಹ ನಾಡಿನಲ್ಲಿ ಸಿದ್ಧತೆಯೆಲ್ಲ ಬೇಸಗೆಯಲ್ಲಿಯೇ ಮುಗಿಯಬೇಕು. ಆ ಸಿದ್ಧತೆಗೆ ಗಡುವು ವಿಧಿಸುತ್ತಿದ್ದುದು ಯಾವುದು, ಆ ಗಡುವು ಹೇಗೆ ಸಡಿಲವಾಯಿತು ಎಂಬುದು ಪ್ರಸ್ತುತ ಪ್ರಬಂಧದ ವಿಚಾರ.

ತುಳುವರ ಸೌರಮಾನ ಪಂಚಾಂಗದಲ್ಲಿ ಬೇಶ ತಿಂಗಳ 10ನೆಯ ದಿನ ಪತ್ತನಾಜೆ. ಅದು ಸಾಮಾನ್ಯವಾಗಿ ಮೇ 24ರ ಆಸುಪಾಸಿಗೆ ಬೀಳುತ್ತದೆ. ಅಲ್ಲಿಗೆ ಕೋಲ, ನೇಮ, ಜಾತ್ರೆಗಳ ಕಾಲ ಮುಗಿಯುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಇದನ್ನು ಆರಾಧನಾ ವರ್ಷದ ಮುಕ್ತಾಯವೆಂದಷ್ಟೇ ನೋಡುವುದು ವಾಡಿಕೆ. ದುಡಿಮೆಯ ಕಡೆಯಿಂದ ನೋಡಿದರೆ ಬೇರೊಂದು ಅರ್ಥ ಹೊರಡುತ್ತದೆ. ಮುಂಗಾರು ಕರಾವಳಿಯನ್ನು ತಲುಪುವುದು ಸಾಮಾನ್ಯವಾಗಿ ಜೂನ್ ಮೊದಲ ವಾರದಲ್ಲಿ. ಪತ್ತನಾಜೆಯಿಂದ ಅಲ್ಲಿಯವರೆಗೆ ಉಳಿಯುವ ಹತ್ತು ಹನ್ನೆರಡು ದಿನಗಳಲ್ಲಿ ಉತ್ಸವದ ಹಂಗಿಲ್ಲದ ಕೈಗಳೆಲ್ಲ ಒಂದೇ ಕೆಲಸಕ್ಕೆ ಒದಗುತ್ತಿದ್ದವು. ಮುಳಿಹುಲ್ಲಿನ ಮಾಡಿನ ಬಾಕಿ ಕೆಲಸ, ಗೋಡೆಗೆ ಸೋಗೆಯ ತಟ್ಟಿ, ಸೌದೆಯ ದಾಸ್ತಾನು, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಒಣಮೀನು, ಹಪ್ಪಳ ಇವೆಲ್ಲ ಮನೆಯೊಳಗಿನ ಸಿದ್ಧತೆಗಳು. ಊರಿನ ಸಿದ್ಧತೆ ಮಾತ್ರ ತೋಡಿನಲ್ಲಿ ನಡೆಯುತ್ತಿತ್ತು.

ಮಳೆ ನಿಂತ ಮೇಲೆ ತೋಡು, ಹೊಳೆಗಳಿಗೆ ಅಡ್ಡಲಾಗಿ ಕಲ್ಲು ಮಣ್ಣುಗಳಿಂದ 'ಕಟ್ಟ' ಹಾಕಿ ಅಡಕೆ ತೋಟಕ್ಕೂ ಸುಗ್ಗಿ ಬೆಳೆಗೂ ನೀರುಣಿಸುವುದು ತುಳುನಾಡಿನ ಹಳೆಯ ಪದ್ಧತಿ. ಕಟ್ಟದ ಬಗ್ಗೆ ಬರೆಯುವವರು ಅದನ್ನು ಕಟ್ಟುವ ಕೌಶಲವನ್ನು ಕೊಂಡಾಡುತ್ತಾರೆ. ಕಡಿಯುವ ಕೆಲಸವನ್ನು ಮರೆಯುತ್ತಾರೆ. ಮಳೆಗೆ ಮುನ್ನ ಕಟ್ಟವನ್ನು ಕಡಿದು ನೀರಿಗೆ ದಾರಿ ಬಿಡದಿದ್ದರೆ ಮೊದಲ ನೆರೆ ಅದನ್ನು ಬಳಸಿ ಪಕ್ಕದ ಗದ್ದೆಯನ್ನೇ ಕೊರೆಯುತ್ತದೆ. ನಷ್ಟ ಆಗುವುದು ಕಟ್ಟಿದವನಿಗಲ್ಲ, ಕೆಳಗಿನವನಿಗೆ. ಆದಕಾರಣ ಅದು ಒಬ್ಬನ ಇಚ್ಛೆಗೆ ಬಿಟ್ಟ ಸಂಗತಿಯಾಗಿರಲಿಲ್ಲ.

ಈ ಸಿದ್ಧತೆಗೂ ಮಿತಿಯಿತ್ತು. ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದ 1923ರ ಆಗಸ್ಟಿನ ನೆರೆ ಜನರ ನೆನಪಿನಲ್ಲಿ 'ಮಾರಿಬೊಳ್ಳ'ವೆಂದೇ ಉಳಿದಿದೆ. 1974ರ ಜುಲೈ ಕೊನೆಯಲ್ಲಿ ನೇತ್ರಾವತಿ ಮತ್ತೆ ಪೇಟೆಗೆ ನುಗ್ಗಿತು. ಎರಡೂ ಆಟಿ ತಿಂಗಳಲ್ಲಿ ಬಂದವು. ಶುಭಕಾರ್ಯಗಳಿಲ್ಲದ, ದೂರ ಪ್ರಯಾಣವನ್ನು ತಪ್ಪಿಸುವ, ಊರಿನ ಮಾರಿ ಕಳೆಯಲು ಆಟಿ ಕಳಂಜ ಮನೆಮನೆಗೆ ಬರುವ ತಿಂಗಳದು. ಆಟಿಯ ನಿಷೇಧಗಳನ್ನು ಬರಿಯ ಮೂಢನಂಬಿಕೆ ಎನ್ನುವವರು ಈ ಹೊಂದಿಕೆಯನ್ನು ಪರಿಶೀಲಿಸಬೇಕು.

ಉತ್ತರಕ್ಕೆ, ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯಲ್ಲಿ ಪಂಚಾಂಗ ಬೇರೆ, ತತ್ತ್ವ ಅದೇ. ಅಲ್ಲಿನ ಗಜನಿ ಗದ್ದೆಗಳು ಉಪ್ಪುನೀರಿನ ಅಂಚಿನಲ್ಲಿವೆ. ಮಣ್ಣಿನ ಒಡ್ಡನ್ನು ಮಳೆಗೆ ಮುನ್ನ ರೈತರು ಒಟ್ಟಾಗಿ ದುರಸ್ತಿ ಮಾಡಬೇಕು. ಮಳೆ ಹಿಡಿದ ಮೇಲೆ ಭರತದಲ್ಲಿ ತೂಬಿನ ಬಾಗಿಲು ಮುಚ್ಚಿ, ಇಳಿತದಲ್ಲಿ ತೆರೆದು, ಸಿಹಿನೀರಿನಿಂದ ಉಪ್ಪನ್ನು ತೊಳೆಯಬೇಕು. ದಿನಕ್ಕೆ ಎರಡು ಬಾರಿ, ಹಗಲಾದರೂ ಇರುಳಾದರೂ. ಬಿತ್ತುವ ಕಗ್ಗ ಭತ್ತ ಉಪ್ಪನ್ನೂ ಕೆಲವು ದಿನಗಳ ಮುಳುಗಡೆಯನ್ನೂ ತಾಳುವಂಥದು. ನೆರೆಯನ್ನು ತಡೆಯುವ ಬದಲು ಬರಮಾಡಿ ಕಳುಹಿಸುವ ಬೇಸಾಯವಿದು.

1970ರ ದಶಕದಿಂದ ಎರಡೂ ಕಡೆ ಚಿತ್ರ ಬದಲಾಯಿತು. 1974ರ ಭೂಸುಧಾರಣೆಯಿಂದ ಗೇಣಿದಾರ ಒಡೆಯನಾದ. ಬೀಡು ಗುತ್ತುಗಳು ಕಟ್ಟಕ್ಕೆ ಆಳು ಕರೆಸುತ್ತಿದ್ದ ಅಧಿಕಾರ ಕುಸಿಯಿತು. ಅದು ಕುಸಿಯಬೇಕಾದದ್ದೇ, ಆ 'ಸಾಮೂಹಿಕತೆ'ಯ ಹಿಂದೆ ದಲಿತರ, ಒಕ್ಕಲುಗಳ ಬಿಟ್ಟಿ ದುಡಿಮೆಯಿತ್ತೆಂಬುದನ್ನು ಮರೆತು ಹಾಡಿಹೊಗಳುವುದು ಜಾನಪದ ವಿದ್ವಾಂಸರಿಗೆ ತಕ್ಕದ್ದಲ್ಲ. ಆದರೆ ಕಟ್ಟವನ್ನು ಕಡಿಯುವ ಹೊಣೆ ಯಾರ ಹೆಗಲಿಗೂ ವರ್ಗವಾಗಲಿಲ್ಲ. ಗಜನಿಯಲ್ಲಿ ಸರಕಾರ ಕಲ್ಲಿನ ಶಾಶ್ವತ ಒಡ್ಡುಗಳನ್ನು ಕಟ್ಟಿಸಿತು. ವರ್ಷವರ್ಷದ ದುರಸ್ತಿಯ ಕೂಟ ಸಡಿಲವಾಯಿತು. ಮುಂದೆ ಸಿಗಡಿ ಕೃಷಿ ಬಂದಾಗ ತೂಬಿನ ಬಾಗಿಲಿನ ಕೀಲಿಕೈ ಉಪ್ಪುನೀರು ನಿಲ್ಲಬೇಕೆನ್ನುವವರ ಪಾಲಾಯಿತು. ಕಗ್ಗದ ಹರವು ಕುಗ್ಗಿತು.

ಮಣ್ಣಿನ ಕಟ್ಟದ ಜಾಗದಲ್ಲಿ ಈಗ ಅನೇಕ ಕಡೆ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳಿವೆ. ಅವುಗಳ ಹಲಗೆಗಳನ್ನೂ ಮಳೆಗೆ ಮುನ್ನ ತೆಗೆಯಲೇಬೇಕು. ಮಣ್ಣಿನ ಕಟ್ಟವಾದರೆ ಒಡೆದಾದರೂ ಹೋಗುತ್ತಿತ್ತು. ಕಾಂಕ್ರೀಟು ಒಡೆಯುವುದಿಲ್ಲ, ಕಿಂಡಿಗಳಲ್ಲಿ ಮರದ ದಿಮ್ಮಿ ಸಿಕ್ಕಿ ನೀರು ತೋಟಕ್ಕೇ ತಿರುಗುತ್ತದೆ. ಹಲಗೆ ತೆಗೆಯುವ ದಿನಕ್ಕೆ ಪತ್ತನಾಜೆಯ ಆಣೆಯಿಲ್ಲ. ಅದು ಆಯಾ ವರ್ಷದ ಮಳೆಯ ಅಂದಾಜಿಗೆ, ಆಳಿನ ಲಭ್ಯತೆಗೆ ಬಿಟ್ಟದ್ದು. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳವನ್ನು ಪ್ರವೇಶಿಸಿತು. ಪತ್ತನಾಜೆಗೂ ಮಳೆಗೂ ನಡುವೆ ಇರುತ್ತಿದ್ದ ಆ ಹತ್ತು ಹನ್ನೆರಡು ದಿನಗಳು ಆ ವರ್ಷ ಕರಾವಳಿಗೆ ದೊರೆಯಲಿಲ್ಲ.