ನಕಲುಗಾರರ ಪುಣ್ಯ

ನಕಲು ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಅದು ಅಪರಾಧ, ಸಾಹಿತ್ಯದಲ್ಲಿ ಅವಮಾನ, ಗಣಕದ ತಂತ್ರಾಂಶದ ವಿಷಯದಲ್ಲಂತೂ ಕಳ್ಳತನವೆಂದೇ ಕಾನೂನಿನ ಅಭಿಪ್ರಾಯ. ಆದರೂ ದಕ್ಷಿಣ ಕನ್ನಡದ ಅಕ್ಷರಚರಿತ್ರೆಯನ್ನು ತುಸು ಆಸ್ಥೆಯಿಂದ ನೋಡಿದವರಿಗೆ ಬೇರೊಂದು ಸಂಗತಿ ಕಾಣುತ್ತದೆ. ಇಲ್ಲಿ ಉಳಿದುಬಂದ ಓಲೆಗರಿಯ ಗ್ರಂಥವೆಂಬುದು ಯಾರೋ ಕುಳಿತು ನಕಲು ಮಾಡಿದ ಕಾರಣ ಉಳಿದದ್ದು; ನಕಲಾಗದೆ ಹೋದುದನ್ನು ಗೆದ್ದಲು ತಿಂದಿತು. ಗಣಕಯಂತ್ರದ ಸುದ್ದಿಗಳನ್ನು ಚಟದಂತೆ ಓದುವ ನನ್ನಂಥವನಿಗೆ, ಇಂದಿನ ತಂತ್ರಾಂಶದ ಜಗಳಗಳೆಲ್ಲ ಮೂಡಬಿದಿರೆಯಲ್ಲಿ ನೂರು ವರ್ಷಗಳ ಹಿಂದೆಯೇ ಒಮ್ಮೆ ನಡೆದುಹೋದುವಲ್ಲವೇ ಎಂದು ಅನ್ನಿಸುವುದುಂಟು.

ಮೂಡಬಿದಿರೆಯೆಂದರೆ ವಾಚಕರ ಕಣ್ಣ ಮುಂದೆ ಮೊದಲು ನಿಲ್ಲುವುದು 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿ. ಆದರೆ ಊರಿನ ನಿಜವಾದ ಐಶ್ವರ್ಯವಿದ್ದುದು ಗುರುಬಸದಿಯಲ್ಲಿ. ಸಿದ್ಧಾಂತ ಬಸದಿಯೆಂದೂ ಕರೆಯುವ ಅಲ್ಲಿ ಧವಳ, ಜಯಧವಳ, ಮಹಾಧವಳಗಳೆಂಬ ಮೂರು ಮಹಾಗ್ರಂಥಗಳ ಓಲೆಗರಿಗಳಿದ್ದುವು. ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ವ್ಯಾಖ್ಯೆ ಧವಳ. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ದಿಗಂಬರ ಜೈನರ ಪರಮಾಗಮವಾದ ಈ ಗ್ರಂಥದ ಹಳೆಯ ಪ್ರತಿ ಭೂಮಂಡಲದಲ್ಲಿ ಬೇರೆಲ್ಲಿಯೂ ಇರಲಿಲ್ಲ. ಯಾತ್ರಿಕರು ಬಂದು ದೂರದಿಂದ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು. ಓದುವ ಮಾತು ಹಾಗಿರಲಿ, ಮುಟ್ಟುವವರೇ ಇರಲಿಲ್ಲ. ಪೂಜೆಗೆ ಬಂದ ಪುಸ್ತಕಕ್ಕೆ ಒದಗುವ ಗತಿಯೇ ಇದು.

ಗರಿಗಳು ಶಿಥಿಲವಾಗುತ್ತಿರುವುದನ್ನು ಕಂಡು ಮರುಗಿದವರು ಮುಂಬಯಿಯ ಸೇಠ್ ಮಾಣಿಕಚಂದರು ಮತ್ತು ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರು. ಅವರ ಪ್ರಯತ್ನದಿಂದ 1896ರ ಸುಮಾರಿಗೆ ಪ್ರತಿ ಮಾಡುವ ಕೆಲಸ ಮೊದಲಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜದ ಗಜಪತಿ ಉಪಾಧ್ಯಾಯರೂ ಬರೆಯಲು ಕುಳಿತರು. ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು, ಉಪಾಧ್ಯಾಯರು ಬಿಡಲಿಲ್ಲ. ಇಡಿಯ ಕಾರ್ಯ ಮುಗಿಯುವಷ್ಟರಲ್ಲಿ ಕಾಲು ಶತಮಾನವೇ ಸಂದಿತ್ತು. ಹೀಗೆ ಸಿದ್ಧವಾದ ಪ್ರತಿಗಳೂ ಮೂಡಬಿದಿರೆ ಬಿಟ್ಟು ಹೊರಗೆ ಹೋಗಕೂಡದೆಂಬುದು ಕಟ್ಟುಪಾಡು. ಭದ್ರತೆಗಾಗಿ ನಕಲು ಮಾಡಿಸಿ, ಆ ನಕಲನ್ನೂ ಅದೇ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಂತೆ! ಇಂದು ಗಣಕದ ಕಡತಗಳಿಗೆ ಪರ್ಯಾಯ ಪ್ರತಿ ಮಾಡಿ, ಆ ಪ್ರತಿಯನ್ನು ಅದೇ ಗಣಕದಲ್ಲಿಯೇ ಇಡುವ ಮಹಾನುಭಾವರನ್ನು ಕಂಡಾಗಲೆಲ್ಲ ನನಗೆ ಈ ಕಟ್ಟುಪಾಡು ನೆನಪಾಗುತ್ತದೆ.

ಕಥೆಯ ಸ್ವಾರಸ್ಯ ಇರುವುದು ಮುಂದೆ. ಗಜಪತಿ ಉಪಾಧ್ಯಾಯರು ಹಗಲು ಅಧಿಕೃತವಾದ ನಾಗರೀ ಪ್ರತಿಯನ್ನು ಬರೆಯುತ್ತಿದ್ದರಷ್ಟೆ. ಮನೆಯಲ್ಲಿ ಅವರ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಗುಟ್ಟಾಗಿ ತಯಾರಾಗುತ್ತಿತ್ತು. ಹತ್ತಾರು ಸಾವಿರ ಶ್ಲೋಕಗಳಷ್ಟು ದೊಡ್ಡ ಗ್ರಂಥ. ಅದನ್ನು ಮನೆಗೆಲಸದ ನಡುವೆ ಒಬ್ಬ ಗೃಹಿಣಿ ಎತ್ತಿ ಬರೆಯುವುದೆಂದರೆ ಸಾಮಾನ್ಯ ಮಾತಲ್ಲ. ಉಪಾಧ್ಯಾಯರು ಆ ಪ್ರತಿಯನ್ನು ಸೊಲ್ಲಾಪುರಕ್ಕೆ ಒಯ್ದು ಹೀರಾಚಂದರ ಮುಂದಿಟ್ಟಾಗ, ಕದ್ದು ತಂದುದು ಬೇಡವೆಂದು ಅವರು ನಿರಾಕರಿಸಿದರು. ಕೊನೆಗೆ ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರು ಹಣ ಕೊಟ್ಟು ಕೊಂಡು, ತಮ್ಮ ಮಂದಿರದಲ್ಲಿ ಇರಿಸಿಕೊಂಡರು. ಕನ್ನಡ ಲಿಪಿ ಅಲ್ಲಿನವರಿಗೆ ಓದಲು ಬಾರದು. ಆದಕಾರಣ ನಾಗರಿಯಲ್ಲಿ ಮತ್ತೊಂದು ಪ್ರತಿ ಮಾಡಿಸಬೇಕಾಯಿತು. ಆ ಕೆಲಸಕ್ಕೆ ನಿಂತ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಒಂದು ಪ್ರತಿಯನ್ನು ಸದ್ದಿಲ್ಲದೆ ಉಳಿಸಿಕೊಂಡರು! ಅಲ್ಲಿಂದ ಮುಂದೆ ಆ ಗ್ರಂಥವನ್ನು ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ. ಇಂಥ ಪ್ರತಿಗಳನ್ನು ಆಧಾರವಾಗಿಟ್ಟುಕೊಂಡೇ ಅಮರಾವತಿಯ ಪ್ರೊಫೆಸರ್ ಹೀರಾಲಾಲ ಜೈನರು 1939ರಲ್ಲಿ ಧವಳದ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಹದಿನಾರನೆಯ ಸಂಪುಟ ಹೊರಬಂದದ್ದು 1958ರಲ್ಲಿ. ಗ್ರಂಥ ಹೇಗೂ ಲೋಕಕ್ಕೆ ಬಂದಿತೆಂದಮೇಲೆ ಮೂಡಬಿದಿರೆಯವರೂ ಉದಾರವಾಗಿ, ಮೂಲ ಗರಿಗಳೊಡನೆ ಪಾಠ ಹೋಲಿಸಿ ನೋಡಲು ಸಮ್ಮತಿಸಿದರು. ಕೆ. ಭುಜಬಲಿ ಶಾಸ್ತ್ರಿಗಳು ಈ ಕಡೆಯ ಭಂಡಾರಗಳ ತಾಡಪತ್ರಗಳನ್ನು ಪಟ್ಟಿಮಾಡಿದ ಗ್ರಂಥಸೂಚಿ ಕಾಶಿಯಿಂದ 1948ರಲ್ಲಿ ಪ್ರಕಟವಾಯಿತು.

ಲಕ್ಷ್ಮೀಬಾಯಿಯವರು ಮಾಡಿದುದು ತಪ್ಪೋ ಒಪ್ಪೋ? ಕೊಟ್ಟ ಮಾತಿಗೆ ತಪ್ಪಿದರೆನ್ನುವ ಹೀರಾಚಂದರ ಪಕ್ಷವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಆ ಗುಟ್ಟಿನ ಪ್ರತಿಯಿಲ್ಲದಿದ್ದರೆ ಧವಳ ಇನ್ನೆಷ್ಟು ಕಾಲ ದರ್ಶನದ ವಸ್ತುವಾಗಿಯೇ ಇರುತ್ತಿತ್ತೋ! ನನ್ನ ಮತವೇನೋ ಆ ತಾಯಿಯ ಕಡೆಗೇ.

ಮಂಗಳೂರಿಗೆ ಅಚ್ಚುಕೂಟ ಬಂದದ್ದು, 1843ರಲ್ಲಿ ಮೋಗ್ಲಿಂಗರು ಮಂಗಳೂರ ಸಮಾಚಾರವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ್ದು, 1894ರಲ್ಲಿ ಕಿಟ್ಟೆಲರ ಕೋಶ ಬಂದದ್ದು ಇವೆಲ್ಲ ಶಾಲೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಇಲ್ಲಿ ಒಂದೇ ಅಂಶವನ್ನು ಹೇಳಿದರೆ ಸಾಕು: ಜನರ ಬಾಯಿಂದ ಎಂದೋ ಮರೆಯಾಗಿದ್ದ ಹಳಗನ್ನಡದ ೞ ಮತ್ತು ಱ ಅಕ್ಷರಗಳಿಗೆ ಕಿಟ್ಟೆಲರು ಸೀಸದ ಮೊಳೆಯಲ್ಲಿ ಸ್ಥಾನ ಕೊಟ್ಟರು. ಈ ೞಕಾರದ ಮುಂದಿನ ಪಾಡನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುವೆನು.

ಗಣಕಕ್ಕೆ ಕನ್ನಡ ಕಲಿಸಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಹುಟ್ಟಿದ ಕೆ. ಪಿ. ರಾವ್. ಅಣುಶಕ್ತಿಯ ವಿಜ್ಞಾನದಿಂದ ಅಚ್ಚಿನ ಲೋಕಕ್ಕೆ ಸರಿದ ಈ ಮಹನೀಯರು ಕಂಡುಕೊಂಡ ಸೂತ್ರ, ಕೇಳಿದರೆ ಇಷ್ಟೆಯೇ ಎನಿಸುವಷ್ಟು ಸರಳ. ಬೆರಳಚ್ಚು ಯಂತ್ರದ ಕಾಲದಲ್ಲಿ ಕನ್ನಡವೆಂದರೆ ಚೂರುಗಳ ರಾಶಿ: ತಲೆಕಟ್ಟು ಒಂದು ಕೀಲಿಯಲ್ಲಿ, ಕೊಂಬು ಇನ್ನೊಂದರಲ್ಲಿ, ಒತ್ತು ಮತ್ತೆಲ್ಲಿಯೋ. ರಾಯರು ಈ ಚೂರುಗಳನ್ನು ಬಿಟ್ಟು ನುಡಿಯುವ ಧ್ವನಿಯನ್ನು ಹಿಡಿದರು. ಇಂಗ್ಲಿಷ್ ಕೀಲಿಮಣೆಯಲ್ಲಿ ಕೆ ಒತ್ತಿದರೆ ಕ. ಶಿಫ್ಟ್ ಹಿಡಿದು ಒತ್ತಿದರೆ ಖ. ಎರಡು ವ್ಯಂಜನಗಳನ್ನು ಕೂಡಿಸಲು ನಡುವೆ ಎಫ್ ಎಂಬ ಕೊಂಡಿ: ಕ, ಎಫ್, ಕ ಎಂದರೆ ಕ್ಕ. ಒತ್ತಿನ ಆಕಾರವನ್ನು ಹುಡುಕಿ ಕೂಡಿಸುವುದು ಯಂತ್ರದ ಪಾಡು, ಬರೆಯುವವನದಲ್ಲ. ನಮ್ಮ ವ್ಯಾಕರಣಕಾರರು ಅಕ್ಷರವನ್ನು ಸ್ವರವ್ಯಂಜನಗಳಾಗಿ ಬಿಡಿಸಿದ ಕ್ರಮವೇ ಇದು. ಸಂಧಿ ಪ್ರಕರಣ ಓದಿದ ಹುಡುಗನಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ.

ರಾಯರು ತಮ್ಮ ತಂತ್ರಾಂಶಕ್ಕೆ ಇಟ್ಟ ಹೆಸರು 'ಸೇಡಿಯಾಪು'. ಛಂದಸ್ಸು, ಶಬ್ದಾರ್ಥಗಳ ವಿಚಾರದಲ್ಲಿ ಎಣೆಯಿಲ್ಲದ ಪಂಡಿತರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಹಣ್ಣಿನ ಹೆಸರು, ಕಿಟಕಿಯ ಹೆಸರು ಇಟ್ಟುಕೊಂಡು ಕೋಟಿ ಕೋಟಿ ಗಳಿಸುವ ಲೋಕದಲ್ಲಿ ಒಬ್ಬ ವೈಯಾಕರಣರ ಹೆಸರು! ಅದಕ್ಕಿಂತಲೂ ದೊಡ್ಡ ಮಾತೆಂದರೆ ಅದನ್ನು ಅವರು ಮಾರಲಿಲ್ಲ, ಹಂಚಿದರು. ಬೇಕಾದವರು ನಕಲು ಮಾಡಿಕೊಳ್ಳಬಹುದಾಗಿತ್ತು. ಅವರ ಕೀಲಿಮಣೆಯ ವಿನ್ಯಾಸವೇ ಸ್ವಲ್ಪ ವ್ಯತ್ಯಾಸಗಳೊಡನೆ ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ'ಗೆ ಬಂದಿತು. ಸರ್ಕಾರದ ಒಪ್ಪಿಗೆಯನ್ನೂ ಪಡೆಯಿತು. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರು ಹೊರತಂದ 'ಬರಹ'ವೂ ಹೀಗೆಯೇ ಉಚಿತವಾಗಿ ಮನೆಮನೆಗೂ ಹಬ್ಬಿದ್ದರಿಂದ, ಹೊರದೇಶಗಳ ಕನ್ನಡಿಗರು ತಾಯ್ನುಡಿಯಲ್ಲಿ ಪತ್ರ ಬರೆಯುವಂತಾಯಿತು. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶಗಳು ಅಚ್ಚುಕೂಟಗಳ ಹೊಸ್ತಿಲು ದಾಟಿ ಮನೆಗಳಿಗೆ ಬಂದದ್ದು ಕಡಮೆ.

ಆದರೆ ಆ ಕಾಲದ ತಂತ್ರಾಂಶಗಳಲ್ಲಿ ಒಂದು ದೊಡ್ಡ ಕೊರೆಯಿತ್ತು. ಗಣಕಕ್ಕೆ ಆಗ ತಿಳಿಯುತ್ತಿದ್ದುದು 256 ಚಿಹ್ನೆಗಳು ಮಾತ್ರ. ಎಲ್ಲವೂ ಪಾಶ್ಚಾತ್ಯ ಲಿಪಿಗೆ ಮೀಸಲು. ಕನ್ನಡದವರು ಆ ಅಕ್ಷರಗಳಿಗೆ ಕನ್ನಡದ ಮುಖವಾಡ ತೊಡಿಸಿದರು. ಒಳಗೆ ಇರುವುದು ಇಂಗ್ಲೆಂಡಿನ ಪೌಂಡಿನ ಗುರುತು. ತೆರೆಯ ಮೇಲೆ ಕಾಣುವುದು ನ. ಆ ಮುಖವಾಡವಿಲ್ಲದ ಗಣಕಕ್ಕೆ ಕಡತ ಹೋಯಿತೆಂದರೆ ಕನ್ನಡ ಮಾಯ. ಬಾಲ ಕೊಂಬುಗಳ ಲ್ಯಾಟಿನ್ ಅಕ್ಷರಗಳ ಸಂತೆ. ಕಚೇರಿಗಳಲ್ಲಿ, ಅಚ್ಚುಕೂಟಗಳಲ್ಲಿ, ಗ್ರಂಥಕರ್ತರ ಮನೆಗಳಲ್ಲಿ 1990ರಿಂದೀಚೆಗೆ ಎರಡು ದಶಕಗಳ ಕನ್ನಡ ಈ ವೇಷದಲ್ಲಿಯೇ ಕುಳಿತಿದೆ. ಮೂಡಬಿದಿರೆಯ ಗರಿ ಎಂಟು ಶತಮಾನ ತಾಳಿತು. ಲಿಪಿ ಬಲ್ಲವನು ಇಂದಿಗೂ ಓದಬಹುದು. ಇಪ್ಪತ್ತು ವರ್ಷದ ಹಿಂದಿನ ಕಡತವನ್ನು ಓದಲು ಪರಿವರ್ತಕ ತಂತ್ರಾಂಶ ಬೇಕು. ಪುಣ್ಯಕ್ಕೆ ಉತ್ಸಾಹಿಗಳು ಅಂಥವನ್ನೂ ಮಾಡಿ ಉಚಿತವಾಗಿ ಕೊಟ್ಟಿದ್ದಾರೆ. ಆದರೂ ಕೆಲವು ಒತ್ತಕ್ಷರಗಳು ಎಡವುತ್ತವೆ. ಕರಡು ತಿದ್ದುವ ಪುಣ್ಯಾತ್ಮರು ಮತ್ತೆ ಬೇಕೇ ಬೇಕು.

ಈ ಗೊಂದಲಕ್ಕೆ ಮದ್ದಾಗಿ ಬಂದುದು 1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್. ಜಗತ್ತಿನ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆ. ಎಲ್ಲಿ ಹೋದರೂ ಅದೇ ಸಂಖ್ಯೆ. ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿ. ಅ ಎಂದರೆ 3205, ಕ ಎಂದರೆ 3221. ಎಲ್ಲ ಸರಿಯೇ, ಆದರೆ 3294ರ ಮನೆಯ ಮುಂದಿನ ಫಲಕವನ್ನು ನೋಡಿದವರು ಬೆರಗಾಗಬೇಕು. ಅಲ್ಲಿ ವಾಸವಾಗಿರುವುದು ನಮ್ಮ ಹಳಗನ್ನಡದ ೞ. ಫಲಕದ ಮೇಲಿರುವ ಹೆಸರು: 'ಕನ್ನಡ ಅಕ್ಷರ ಫ'! ಏೞು, ಬಾೞೆ, ಕೋೞಿ ಎಂಬಲ್ಲಿ ಪೂರ್ವಿಕರು ನುಡಿಯುತ್ತಿದ್ದ ಧ್ವನಿ ಅದು. ಹೊಸಗನ್ನಡದಲ್ಲಿ ಳಕಾರವಾಗಿ ಬಾಳೆ, ಕೋಳಿಗಳಾದುವು. ಬಂಟ್ವಾಳ, ಬೆಳ್ತಂಗಡಿಯ ತುಳುವರ ಬಾಯಲ್ಲಿ ರಕಾರವಾಗಿ ಬಾರೆ, ಕೋರಿಗಳಾದುವು. ಫಕಾರಕ್ಕೂ ಅದಕ್ಕೂ ಯಾವ ಜನ್ಮದ ನಂಟೂ ಇಲ್ಲ. ತಪ್ಪೆಂದು ಯೂನಿಕೋಡಿನವರಿಗೂ ತಿಳಿಯಿತು. ಆದರೆ ಒಮ್ಮೆ ಇಟ್ಟ ಹೆಸರನ್ನು ಎಂದೆಂದಿಗೂ ಬದಲಿಸಕೂಡದೆಂಬುದು ಅವರ ನಿಯಮ; ಯಂತ್ರಗಳು ಆ ಹೆಸರನ್ನು ನಂಬಿ ನಡೆಯುತ್ತಿರುತ್ತವಲ್ಲವೇ? ಆದುದರಿಂದ ಸರಿಯಾದ ಹೆಸರನ್ನು ಉಪನಾಮವೆಂದು ಪಕ್ಕದಲ್ಲಿ ಬರೆದುಕೊಂಡರು. ಕಿಟ್ಟೆಲರು ಉಳಿಸಿಕೊಟ್ಟ ಅಕ್ಷರ ಹೀಗೆ ಗಣಕಲೋಕದಲ್ಲಿ ಶಾಶ್ವತವಾಗಿ ಪರರ ಹೆಸರಿನಲ್ಲಿ ಬಾಳುತ್ತಿದೆ. ಆ ಪಟ್ಟಿ ಸಿದ್ಧವಾಗುತ್ತಿದ್ದಾಗ ಹಳಗನ್ನಡ ಓದಿದ ಒಬ್ಬ ಪಂಡಿತನ ಕಣ್ಣಿಗೆ ಬಿದ್ದಿದ್ದರೆ ಅರೆಗಳಿಗೆಯಲ್ಲಿ ಸರಿಹೋಗುತ್ತಿತ್ತು. ನಮ್ಮ ಅಕ್ಷರದ ಲೆಕ್ಕವನ್ನು ನಾವು ಕುಳಿತು ನೋಡದಿದ್ದರೆ ಬೇರೆಯವರು ತಮಗೆ ತೋಚಿದಂತೆ ಬರೆಯುತ್ತಾರೆ. ಅವರನ್ನು ದೂರಿ ಫಲವಿಲ್ಲ.

ಸಣ್ಣಪುಟ್ಟ ತಾಪತ್ರಯಗಳು ಇನ್ನೂ ಉಂಟು. ಪರೀಕ್ಷೆಯ ಫಲಿತಾಂಶದ ದಿನ ಪತ್ರಿಕೆಗಳಲ್ಲಿ ಕಾಣುವ 'ರ್ಯಾಂಕ್' ಎಂಬ ವಿಚಿತ್ರ ಶಬ್ದವನ್ನು ನೋಡಿರಿ. ಮೊದಲಕ್ಷರಕ್ಕೇ ಅರ್ಕಾವೊತ್ತು! ರಕಾರಕ್ಕೆ ಯಕಾರದ ಒತ್ತು ಕೊಡಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಬೇಕು. ಕಡತ ಕೈಯಿಂದ ಕೈಗೆ ಹೋಗುವಾಗ ಆ ಅದೃಶ್ಯ ಚಿಹ್ನೆ ಎಲ್ಲಿಯೋ ಉದುರಿಹೋಗುತ್ತದೆ. ಲಿಪಿಕಾರನ ಕೈತಪ್ಪು ಹಿಂದೆಯೂ ಇತ್ತು. ಆದರೆ ಅದು ಕಣ್ಣಿಗೆ ಕಾಣುತ್ತಿತ್ತು. ಇನ್ನು ಮೊಬೈಲಿನ ಕಿರುಸಂದೇಶ: ಒಂದು ಸಂದೇಶದಲ್ಲಿ ಇಂಗ್ಲಿಷಿಗೆ 160 ಚಿಹ್ನೆಗಳ ಅವಕಾಶ, ಕನ್ನಡಕ್ಕೆ 70. ಮಿತಭಾಷಿತ್ವ ಒಳ್ಳೆಯ ಗುಣವೇ, ಒಪ್ಪಿದೆ!

ಈಚೆಗೆ ಗಣಕದ ಸುದ್ದಿಯೆಂದರೆ ಕೃತಕ ಬುದ್ಧಿಯ ಸುದ್ದಿ. ಯಂತ್ರ ಕವಿತೆ ಬರೆಯುತ್ತದೆ, ಅನುವಾದ ಮಾಡುತ್ತದೆ ಎಂದು ಒಬ್ಬರು ಹಿಗ್ಗಿದರೆ, ಇನ್ನೊಬ್ಬರು ಸಾಹಿತಿಯ ಹೊಟ್ಟೆಯ ಮೇಲೆ ಹೊಡೆಯಿತೆಂದು ಗೋಳಿಡುತ್ತಾರೆ. ನನಗೆ ಕಾಣುವ ಕಷ್ಟ ಬೇರೆ. ಯಂತ್ರ ಭಾಷೆ ಕಲಿಯುವುದು ಕಂಡ ಬರಹದಿಂದ. ಪೌಂಡಿನ ಗುರುತಿನ ವೇಷ ತೊಟ್ಟ ಕಡತಗಳು ಅದಕ್ಕೆ ಕನ್ನಡವಾಗಿ ಕಾಣುವುದಿಲ್ಲ. ಕಪಾಟಿನಲ್ಲಿರುವ ಅಚ್ಚಿನ ಪುಸ್ತಕ ಮೊದಲೇ ಕಾಣುವುದಿಲ್ಲ. ಉಳಿದದ್ದರಲ್ಲಿ ಬಹುಪಾಲು ನೆನ್ನೆ ಮೊನ್ನೆಯ ಸುದ್ದಿ ಮತ್ತು ಜಾಹೀರಾತು. ಅದರ ಕನ್ನಡ ಸಪ್ಪೆಯೆಂದು ಮೂಗು ಮುರಿಯುವ ಮೊದಲು ನಾವು ಅದಕ್ಕೆ ಉಣಬಡಿಸಿದುದೇನೆಂದು ಕೇಳಿಕೊಳ್ಳುವುದು ನ್ಯಾಯ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, 2016ರಲ್ಲಿ ಬಂದ ತುಳು ವಿಕಿಪೀಡಿಯಗಳಲ್ಲಿ ಸಂಬಳವಿಲ್ಲದೆ ಬರೆಯುತ್ತಿರುವವರು ಗಜಪತಿ ಉಪಾಧ್ಯಾಯರ ವಂಶದವರೇ ಸರಿ. ಅವರು ಗುಟ್ಟು ಮಾಡಬೇಕಾಗಿಲ್ಲವೆಂಬುದೊಂದೇ ವ್ಯತ್ಯಾಸ.

ತುಳುವಿನ ಮಾತು ಬಂದುದರಿಂದ ಇನ್ನೊಂದು ಸುದ್ದಿ. ಕರಾವಳಿ, ಮಲೆನಾಡುಗಳ ಬ್ರಾಹ್ಮಣ ಮನೆತನಗಳು ವೇದ, ಮಂತ್ರ, ಪುರಾಣಗಳನ್ನು ಓಲೆಗರಿಯಲ್ಲಿ ಬರೆದಿಟ್ಟ ತಿಗಳಾರಿ ಅಥವಾ ತುಳು ಲಿಪಿಗೆ, ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್ ಅವರ ಬಹುಕಾಲದ ಪ್ರಯತ್ನದ ಫಲವಾಗಿ, 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ಸ್ಥಾನ ಸಿಕ್ಕಿತು. ಒಟ್ಟು 80 ಚಿಹ್ನೆಗಳು. ವಿಷ್ಣುತುಂಗನ 'ಶ್ರೀ ಭಾಗವತೊ' ಮೊದಲಾದ ತುಳು ಕಾವ್ಯಗಳನ್ನು ವೆಂಕಟರಾಜ ಪುಣಿಂಚತ್ತಾಯರು ಈ ಲಿಪಿಯ ಗರಿಗಳಿಂದಲೇ ಓದಿ ಬೆಳಕಿಗೆ ತಂದರು. 2012ರಲ್ಲಿ ತೀರಿಕೊಂಡ ಅವರಿಗೆ ಈ ಸುದ್ದಿ ಕೇಳುವ ಯೋಗವಿರಲಿಲ್ಲ. ಸಂಖ್ಯೆ ದೊರೆತ ಮಾತ್ರಕ್ಕೆ ಅಕ್ಷರ ತೆರೆಯ ಮೇಲೆ ಮೂಡುವುದಿಲ್ಲ. ಅಕ್ಷರರೂಪ ಬೇಕು, ಕೀಲಿಮಣೆ ಬೇಕು. ಎಲ್ಲಕ್ಕೂ ಮಿಗಿಲಾಗಿ ಗರಿ ಓದಬಲ್ಲ ಕಣ್ಣು ಬೇಕು.

ಧರ್ಮಸ್ಥಳದ ಸಂಶೋಧನ ಪ್ರತಿಷ್ಠಾನವು ಓಲೆಗರಿಗಳನ್ನು ಕೂಡಿಸಿ ಕಾಪಾಡುವ ಕೆಲಸ ಮಾಡಿದೆ. ಬಂಟ್ವಾಳದಲ್ಲಿ ತುಳು ಬದುಕಿನ ವಸ್ತುಸಂಗ್ರಹಾಲಯವೊಂದು ಇದೆ. ಆದರೆ ಮನೆಗಳ ಅಟ್ಟದ ಮೇಲೆ, ದೇವರ ಕೋಣೆಯ ಮೂಲೆಯಲ್ಲಿ ದಾರ ಕಟ್ಟಿದ ಕಟ್ಟುಗಳು ಇನ್ನೂ ಇರಬಹುದು. ಅಂಥದು ಯಾರ ಮನೆಯಲ್ಲಾದರೂ ಇದ್ದರೆ ದಾರವನ್ನು ಬಲವಂತದಿಂದ ಎಳೆಯಬಾರದು, ಬಿಸಿಲಿಗೆ ಒಡ್ಡಬಾರದು. ಗರಿ ಬಿರುಸಾಗಿದ್ದರೆ ಬಲ್ಲವರಿಂದ ಮಜ್ಜಿಗೆಹುಲ್ಲಿನ ಎಣ್ಣೆ ಸವರಿಸಿ, ಎರಡು ಮಗ್ಗುಲಿನ ಚಿತ್ರವನ್ನೂ ತೆಗೆಯಿಸಿ, ಒಂದು ಪ್ರತಿಯನ್ನು ಮನೆಯಲ್ಲಿ, ಇನ್ನೊಂದನ್ನು ಊರ ಹೊರಗೆ ಯಾರಲ್ಲಾದರೂ ಇರಿಸುವುದು.