ಧ್ವನಿಸುರುಳಿ ಯಾವುದಕ್ಕೆ ಸಾಕ್ಷಿ?

1972ರ ಮೇ ತಿಂಗಳಲ್ಲಿ ಯು.ಜಿ. ಕೃಷ್ಣಮೂರ್ತಿ ಬೆಂಗಳೂರಿನ ಬಸವನಗುಡಿಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಮಾತಾಡಿದರು. ಥಿಯಾಸಫಿಸ್ಟ್ ಬಿ.ಪಿ. ವಾಡಿಯಾ 1945ರಲ್ಲಿ ಕಟ್ಟಿದ ಸಂಸ್ಥೆ ಅದು. 1918ರಲ್ಲಿ ಮಚಲೀಪಟ್ಟಣದಲ್ಲಿ ಹುಟ್ಟಿದ ಯು.ಜಿ. ಒಂದು ಕಾಲಕ್ಕೆ ಥಿಯಾಸಫಿಕಲ್ ಸೊಸೈಟಿಯ ಪರವಾಗಿ ಊರೂರು ತಿರುಗಿ ಉಪನ್ಯಾಸ ಕೊಟ್ಟವರು. ಬಸವನಗುಡಿಯ ಆ ಉಪನ್ಯಾಸದ ನಂತರ ಮಾತ್ರ ಅವರು ಸಾರ್ವಜನಿಕ ವೇದಿಕೆ ಹತ್ತಲಿಲ್ಲ. 2007ರಲ್ಲಿ ಇಟಲಿಯಲ್ಲಿ ತೀರಿಕೊಳ್ಳುವವರೆಗೂ ಅವರ ಮಾತೆಲ್ಲ ಸ್ನೇಹಿತರ ಮನೆಗಳಲ್ಲಿ, ಬಂದವರ ಪ್ರಶ್ನೆಗೆ ಉತ್ತರವಾಗಿ ನಡೆಯಿತು.

ಆ ಮಾತು ಉಳಿದದ್ದು ಟೇಪ್ ರೆಕಾರ್ಡರ್‌ನಿಂದ. 1982ರಲ್ಲಿ ಗೋವಾದಿಂದ ಪ್ರಕಟವಾದ ‘ದಿ ಮಿಸ್ಟಿಕ್ ಆಫ್ ಎನ್‌ಲೈಟನ್‌ಮೆಂಟ್’ ಇಂಥ ಸಂಭಾಷಣೆಗಳಿಂದ ರಾಡ್ನಿ ಆರ್ಮ್ಸ್ ಸಂಪಾದಿಸಿದ ಪುಸ್ತಕ. ಭಾರತ, ಸ್ವಿಟ್ಜರ್ಲೆಂಡ್‌ಗಳಲ್ಲಿ 1972ರಿಂದ 1980ರವರೆಗೆ ಆಡಿದ ಮಾತುಗಳು ಅದರಲ್ಲಿವೆ. ಒಂದು ಅಧ್ಯಾಯ 1980ರಲ್ಲಿ ಮೈಸೂರಿನಲ್ಲಿ ಪ್ರೊ. ಎಚ್ಚೆಸ್ಕೆ ನಡೆಸಿದ ಸಂದರ್ಶನದ್ದು.

ಯು.ಜಿ. ಮತ್ತೆ ಮತ್ತೆ ಹೇಳುತ್ತಿದ್ದದ್ದು ಇಷ್ಟು: ಕಣ್ಣು ನೋಡುತ್ತದೆ, ಕಿವಿ ಕೇಳುತ್ತದೆ, ಆದರೆ ‘ಇದು ಮರ’, ‘ಇದು ಹಾಡು’ ಎನ್ನುವುದು ನೆನಪು, ಅಂದರೆ ಮೊದಲೇ ಕೂಡಿಟ್ಟ ತಿಳಿವಳಿಕೆ. ತಿಳಿವಳಿಕೆಯನ್ನು ಬಿಟ್ಟು ವಸ್ತುವನ್ನು ಅನುಭವಿಸಲು ಬರುವುದಿಲ್ಲ. ಹೀಗಾಗಿ ಸತ್ಯದ ಅನುಭವ ಎಂಬ ಮಾತೇ ಅವರಿಗೆ ಪೊಳ್ಳು.

ಈ ವಾದವನ್ನು ಅದನ್ನೇ ಹೊತ್ತ ಸುರುಳಿಗೆ ಹಚ್ಚಿ ನೋಡಬಹುದು. ಮೈಕಿಗೆ ಮುಖ್ಯ–ಅಮುಖ್ಯ ಎಂಬುದಿಲ್ಲ. ಮಾತು, ಕೆಮ್ಮು, ಬೀದಿಯ ಹಾರನ್ನು, ಲೋಟ ಇಟ್ಟ ಸದ್ದು ಅದಕ್ಕೆ ಎಲ್ಲವೂ ಒಂದೇ. ಕೇಳುವವನ ಕಿವಿ ಮಾತನ್ನು ಹೆಕ್ಕಿಕೊಂಡು ಉಳಿದದ್ದನ್ನು ತಳ್ಳುತ್ತದೆ. ಬರಹಕ್ಕೆ ಇಳಿಸುವವರು ಇನ್ನಷ್ಟು ತಳ್ಳುತ್ತಾರೆ. ಪುನರಾವರ್ತನೆ ಹೋಗುತ್ತದೆ, ಅರ್ಧಕ್ಕೆ ನಿಂತ ವಾಕ್ಯ ಪೂರ್ತಿಯಾಗುತ್ತದೆ, ಬೇರೆ ಬೇರೆ ದಿನದ ಉತ್ತರಗಳು ಒಂದೇ ಪುಟದಲ್ಲಿ ಕೂಡುತ್ತವೆ. ಒಬ್ಬ ವ್ಯಕ್ತಿಯ ಒಂದು ಪ್ರಶ್ನೆಯನ್ನು ಕತ್ತರಿಸಲು ಆಡಿದ ಮಾತು ಪುಸ್ತಕದಲ್ಲಿ ಎಲ್ಲರಿಗೂ ಹೇಳಿದ ಸಿದ್ಧಾಂತವಾಗುತ್ತದೆ.

ಕನ್ನಡಕ್ಕೆ ಈ ಸಮಸ್ಯೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರ ಬಿಡಿ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಸಂವಾದವಾಗಿ ಜೋಡಿಸಿದ, ಅದೇ ‘ಶೂನ್ಯಸಂಪಾದನೆ’. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ತಮ್ಮ ತಮ್ಮ ರೀತಿಯಲ್ಲಿ ಅದನ್ನು ಮತ್ತೆ ಕಟ್ಟಿದರು. ಅಲ್ಲಮನ ವಚನಕ್ಕೆ ಮುಂಚೆ ಯಾರ ಮಾತು ಬರುತ್ತದೆ ಎಂಬುದರ ಮೇಲೆ ಅದರ ಅರ್ಥ ತಿರುಗುತ್ತದೆ. ಅಲ್ಲಿ ಹೋಲಿಸಿ ನೋಡಲು ಮೂಲ ಧ್ವನಿ ಇಲ್ಲ. ಯು.ಜಿ. ವಿಷಯದಲ್ಲಿ ಇದೆ. ವ್ಯತ್ಯಾಸ ಸಣ್ಣದಲ್ಲ.

ಹಾಗಾದರೆ ಸುರುಳಿ ಏನನ್ನು ಸಾಬೀತು ಮಾಡುತ್ತದೆ? ನ್ಯಾಯದರ್ಶನದ ಪ್ರಕಾರ ಆಪ್ತನ, ಅಂದರೆ ಬಲ್ಲವನೂ ಇದ್ದದ್ದನ್ನು ಇದ್ದಂತೆ ಹೇಳುವವನೂ ಆದವನ ಮಾತು ಶಬ್ದಪ್ರಮಾಣ. ಯು.ಜಿ. ಆ ಪಟ್ಟವನ್ನೇ ನಿರಾಕರಿಸಿದರು. ತಮ್ಮ ಮಾತಿಗೆ ಹಕ್ಕುಸ್ವಾಮ್ಯವಿಲ್ಲ, ಯಾರು ಬೇಕಾದರೂ ಅಚ್ಚು ಹಾಕಿಸಲಿ, ತಿರುಚಲಿ, ತಮ್ಮದೆಂದೇ ಹೇಳಿಕೊಳ್ಳಲಿ ಎಂದರು. ಹೀಗೆ ಆಪ್ತ ಹಿಂದೆ ಸರಿದಾಗ ಸುರುಳಿ ಒಂದಕ್ಕೆ ಮಾತ್ರ ಸಾಕ್ಷಿ: ‘ಹೀಗೆ ಹೇಳಿದರು’ ಎಂಬುದಕ್ಕೆ. ‘ಇದು ಹೀಗೆಯೇ ಇದೆ’ ಎಂಬುದಕ್ಕೆ ಅಲ್ಲ.

ಈ ಎರಡರ ನಡುವಿನ ಗೆರೆ ಇಂದು ಸುಲಭವಾಗಿ ಅಳಿಯುತ್ತಿದೆ. ಯು.ಜಿ. ಅವರದಾಗಲಿ, ಅವರು ಟೀಕಿಸುತ್ತಿದ್ದ ಜಿಡ್ಡು ಕೃಷ್ಣಮೂರ್ತಿಯವರದಾಗಲಿ, ದೀರ್ಘ ಮಾತುಕತೆಯ ಒಂದು ನಿಮಿಷ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಧ್ವನಿ ನಿಜವಾದದ್ದು, ಆದ್ದರಿಂದ ಮಾತೂ ನಿಜ ಎನಿಸುತ್ತದೆ. ಆ ತುಣುಕಿನಲ್ಲಿ ಸಾಮಾನ್ಯವಾಗಿ ಇರದಿರುವುದು ಪ್ರಶ್ನೆ ಕೇಳಿದವರ ದನಿ. ಅದು ಸಿಕ್ಕರೆ ಉತ್ತರ ಎಷ್ಟು ದೂರದವರೆಗೆ ಸಲ್ಲುತ್ತದೆ ಎಂದು ಅಳೆಯಬಹುದು. ಪೂರ್ತಿ ಸುರುಳಿಯನ್ನು ಕಾಪಾಡಿ ಇಡಬೇಕಾದದ್ದು ಅದಕ್ಕಾಗಿ.