ವೇಷ ಬದಲಿಸುವ ಹುಳು, ಕುರುಹು ಅರಿಯುವ ರಕ್ತ

ಒಬ್ಬನೇ ಕಳ್ಳನು ಮೂರು ವೇಷಗಳಲ್ಲಿ ಬಂದರೆ, ಒಂದು ವೇಷವನ್ನು ಮಾತ್ರ ಬಲ್ಲ ಕಾವಲುಗಾರನು ಅವನನ್ನು ಹಿಡಿಯಬಲ್ಲನೇ? ಕರುಳಿನ ಹುಳುಗಳಿಗೂ ನಮ್ಮ ರಕ್ತಕ್ಕೂ ನಡೆಯುವ ಹೋರಾಟದಲ್ಲಿ ಇದೇ ಪ್ರಶ್ನೆ ಅಡಗಿದೆ.

1835ರಲ್ಲಿ ಲಂಡನ್ನಿನ ವೈದ್ಯವಿದ್ಯಾರ್ಥಿ ಜೇಮ್ಸ್ ಪ್ಯಾಜೆಟ್ ಎಂಬಾತನು ಶವಚ್ಛೇದನದ ವೇಳೆ ಮಾಂಸಖಂಡಗಳಲ್ಲಿ ಬಿಳಿಯ ಚುಕ್ಕೆಗಳನ್ನು ಕಂಡನು. ಅವುಗಳೊಳಗೆ ಸುರುಳಿ ಸುತ್ತಿದ ಸೂಕ್ಷ್ಮ ಹುಳುಗಳಿದ್ದವು. ಇಂದು ಟ್ರಿಕಿನೆಲ್ಲ ಎನ್ನುವುದು ಇದನ್ನೇ. 1860ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ವೈದ್ಯ ಜೆಂಕರ್, ಮೃತಳಾದ ಯುವತಿಯೊಬ್ಬಳ ಮಾಂಸಖಂಡಗಳಲ್ಲಿ ಮರಿಹುಳುಗಳನ್ನೂ ಕರುಳಿನಲ್ಲಿ ಬೆಳೆದ ಹುಳುಗಳನ್ನೂ ಕಂಡು, ರೋಗದ ಮೂಲವು ಹಂದಿಯ ಮಾಂಸವೆಂದು ತೋರಿಸಿದನು. ಸರಿಯಾಗಿ ಬೇಯದ ಮಾಂಸದೊಡನೆ ಒಳಹೊಕ್ಕ ಮರಿಹುಳು ಕರುಳಿನಲ್ಲಿ ನಾಲ್ಕು ಬಾರಿ ಪೊರೆ ಕಳಚಿ, ಸುಮಾರು ಎರಡು ದಿನಗಳಲ್ಲಿ ಪ್ರೌಢವಾಗುತ್ತದೆ. ಐದಾರು ದಿನಗಳಿಗೆ ಹೆಣ್ಣುಹುಳು ಮರಿಗಳನ್ನು ಈಯತೊಡಗುತ್ತದೆ. ಆ ನವಜಾತ ಮರಿಗಳು ರಕ್ತದಲ್ಲಿ ಸಾಗಿ ಮಾಂಸಖಂಡಗಳನ್ನು ಸೇರುತ್ತವೆ.

ಇಂತಹ ಶತ್ರುವಿನ ವಿರುದ್ಧ ದೇಹವು ಪ್ರತಿಕಾಯಗಳನ್ನು ಸೃಷ್ಟಿಸುತ್ತದೆ. ಕೀಲಿಗೆ ಬೀಗವು ಹೊಂದುವಂತೆ, ಪ್ರತಿಕಾಯವು ತನಗೆ ಒಪ್ಪುವ ಕುರುಹಿಗೆ ಮಾತ್ರ ಅಂಟಿಕೊಳ್ಳುತ್ತದೆ. 1941ರಲ್ಲಿ ಓಲಿವರ್-ಗೊನ್ಸಾಲೆಸ್ ಎಂಬ ವಿಜ್ಞಾನಿಯು ಮರಿಹುಳುವಿಗೆ ಅಂಟುವ ಪ್ರತಿಕಾಯವೇ ಬೇರೆ, ಪ್ರೌಢ ಹುಳುವಿಗೆ ಅಂಟುವುದೇ ಬೇರೆ ಎಂದು ಪ್ರತಿಪಾದಿಸಿದನು. ಇದಕ್ಕೆ ಕಾರಣವೇನು? 1980ರಲ್ಲಿ ಫಿಲಿಪ್, ಪಾರ್ಕ್‌ಹೌಸ್ ಹಾಗೂ ಶ್ರೀಮತಿ ಬ್ರಿಜೆಟ್ ಓಗಿಲ್ವಿ ಅವರು ಹುಳುವಿನ ಹೊರಪೊರೆಯ ಪ್ರೋಟೀನುಗಳನ್ನು ವಿಕಿರಣಶೀಲ ಅಯೊಡಿನ್‌ನಿಂದ ಗುರುತಿಸಿ ನೋಡಿದರು. ಅವಸ್ಥೆ ಬದಲಾದಂತೆ ಆ ಪ್ರೋಟೀನುಗಳೂ ಬದಲಾಗಿದ್ದವು! ಪೊರೆ ಕಳಚುವುದೆಂದರೆ ಕುರುಹನ್ನೇ ಕಳಚುವುದೆಂಬುದು ಹೀಗೆ ಸ್ಪಷ್ಟವಾಯಿತು. 1984ರಲ್ಲಿ ಇನ್ನೊಂದು ಸಂಗತಿ ಪ್ರಕಟವಾಯಿತು: ನವಜಾತ ಮರಿಗೆ ಪ್ರತಿಕಾಯವು ಅಂಟಿದರೆ, ಬಿಳಿಯ ರಕ್ತಕಣಗಳು ಮುತ್ತಿ ಅದನ್ನು ಕೊಲ್ಲುತ್ತವೆ.

ಮಾಂಸವನ್ನು ಮುಟ್ಟದ ನಮಗೆ ಇದರಿಂದೇನು ಎನ್ನದಿರಿ. ಹೊಲದ ಮಣ್ಣಿನಿಂದ ಬರಿಗಾಲನ್ನು ಕೊರೆದು ಒಳಬರುವ ಕೊಕ್ಕೆಹುಳುವೂ ಅವಸ್ಥೆಗಳನ್ನು ದಾಟಿಯೇ ಕರುಳನ್ನು ಸೇರುತ್ತದೆ. ಮನುಷ್ಯರ ಕರುಳುಹುಳುಗಳಿಗೆ ಬಳಕೆಯ ಲಸಿಕೆಯೊಂದು ಇಂದಿಗೂ ದೊರೆತಿಲ್ಲ. ಯಾವ ಅವಸ್ಥೆಯ ಯಾವ ಕುರುಹನ್ನು ದೇಹಕ್ಕೆ ಮೊದಲೇ ಪರಿಚಯಿಸಬೇಕೆಂಬುದು ಆ ಶೋಧದ ಒಂದು ಮುಖ್ಯ ತೊಡಕು. ಅದು ಬಗೆಹರಿಯುವವರೆಗೆ ಪಾದರಕ್ಷೆ, ಶೌಚಾಲಯ, ತೊಳೆದ ಕೈಗಳೇ ನಮ್ಮ ಕಾವಲು. ದೇಹವೇ ದೇಗುಲವೆಂದು ನಂಬಿದವರು ಅದರ ಬಾಗಿಲನ್ನು ಕಾಯುವುದೂ ಪೂಜೆಯ ಭಾಗವೇ ಅಲ್ಲವೇ?